ಬೂದಿಗುಡ್ಡದ ಕಲ್ಲು ನೇಪಲ್ಸಿಗೆ ಹೋದದ್ದು

ಹಡಗಿನ ಕಟಕಟೆ

"ಅಯ್ಯೋ, ಗುಡ್ಡಕ್ಕೆ ಬೆಂಕಿ ಬಿದ್ದಿದೆ ಕಣ್ರೀ!"

ಇಟಲಿ ದೇಶವನ್ನು ಕಂಡು ನಾನು ಆಡಿದ ಮೊದಲ ಮಾತು ಇದು. ಹಡಗು ನೇಪಲ್ಸ್ ಬಂದರಿಗೆ ಹತ್ತಿರವಾಗುತ್ತಿತ್ತು. ಊರಿನ ಬೆನ್ನಿಗೇ ಒಂದು ಗುಡ್ಡ, ಅದರ ನೆತ್ತಿಯಿಂದ ಹೊಗೆ. ನಮ್ಮ ಕಡೆ ಬೇಸಿಗೆಯಲ್ಲಿ ಗುಡ್ಡದ ಮೇಲೆ ಹೊಗೆ ಕಂಡರೆ ಕೈಲಿದ್ದ ಕೆಲಸ ಬಿಸಾಕಿ, ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಆರಿಸಲು ಓಡುತ್ತೇವೆ. ಇಲ್ಲಿ ಯಾರೂ ಓಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಬಿಳಿ ಹೆಂಗಸು ನನ್ನ ಕೂಗಿಗೆ ಬೆಚ್ಚಿ ಟೋಪಿ ಹಿಡಿದುಕೊಂಡಳು, ಅಷ್ಟೆ.

"ಬೆಂಕಿ ಬಿದ್ದಿದ್ದಲ್ಲ ದೇವಿ, ಬೆಂಕಿ ಇರೋದೇ ಅಲ್ಲಿ. ಅದೇ ವೆಸೂವಿಯಸ್ಸು," ಎಂದರು ಇವರು. ಮದುವೆಯ ದಿನವೂ ಇವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಕಂಡಿರಲಿಲ್ಲ.

ಇವರು ಎಂದರೆ ನನ್ನ ಯಜಮಾನರು. ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಬರೆಯುವುದಕ್ಕೂ ಕೈ ಏಳುವುದಿಲ್ಲ. ನನ್ನ ಹೆಸರು ದೇವೀರಮ್ಮ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ ನಮ್ಮ ಕಾಫಿ ತೋಟ. ತೋಟ ಮಾಡಿದ್ದು ನನ್ನ ಅಪ್ಪಯ್ಯ, ನಾನು ಒಬ್ಬಳೇ ಮಗಳು. ಇವರು ಸಂಸೆಯವರು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಬೇರೆ ಕೆಲಸ ಸಿಗದೆ, ನಮ್ಮ ತೋಟಕ್ಕೆ ರೈಟರಾಗಿ ಬಂದರು. ನಮ್ಮಲ್ಲಿ ರೈಟರ್ ಎಂದರೆ ಬೆಳಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಬರೆದುಕೊಳ್ಳುವ ಗುಮಾಸ್ತರು. ಅಪ್ಪಯ್ಯ ಇವರ ಬುದ್ಧಿ ಮೆಚ್ಚಿ ನನ್ನನ್ನು ಕೊಟ್ಟು ಮನೆ ಅಳಿಯ ಮಾಡಿಕೊಂಡರು. ಅಪ್ಪಯ್ಯ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಮೂಡಿಗೆರೆ ಸಂತೆಯಲ್ಲಿ ಜನ ಇವತ್ತಿಗೂ ಇವರನ್ನು "ಏನ್ ರೈಟ್ರೇ" ಎಂದೇ ಮಾತಾಡಿಸುತ್ತಾರೆ. ಇವರು ನಗುತ್ತಾರೆ. ಅವತ್ತು ಮನೆಗೆ ಬಂದ ಮೇಲೆ ಮಾತ್ರ ಇವರಿಗೆ ಊಟ ಸೇರುವುದಿಲ್ಲ.

ಅದಕ್ಕೇ ನಾನೊಂದು ನೇಮ ಹಾಕಿಕೊಂಡಿದ್ದೆ. ಜೀವ ಹೋದರೂ "ಇದು ನಮ್ಮಪ್ಪನ ತೋಟ" ಎನ್ನುವ ಮಾತು ನನ್ನ ಬಾಯಿಂದ ಬರಬಾರದು. ತೋಟದ ವಿಷಯದಲ್ಲಿ ಇವರು ಹೇಳಿದ್ದೇ ಆಗಬೇಕು. ಆ ನೇಮ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದೇ ಈ ಪ್ರವಾಸದ ಕಥೆ.

ನಮ್ಮ ತೋಟದಲ್ಲಿ ಬೂದಿಗುಡ್ಡ ಎಂದೊಂದು ಭಾಗವಿದೆ. ಅಲ್ಲಿ ಕಾಫಿ ಗಿಡ ಬದುಕಿಯೂ ಬದುಕುವುದಿಲ್ಲ. ಎಲೆಯ ಅಂಚು ಸುಟ್ಟ ಹಾಗಾಗುತ್ತದೆ, ಕಾಯಿ ಜೊಳ್ಳಾಗಿ ಉದುರುತ್ತದೆ. ಮಣ್ಣಿನಲ್ಲಿ ಪೊಟ್ಯಾಶ್ ಇಲ್ಲ ಎಂದು ಇವರ ತೀರ್ಮಾನ. ಪೊಟ್ಯಾಶ್ ಎಂದರೆ ಬೇರೇನೂ ಅಲ್ಲ, ಒಲೆಯ ಬೂದಿಯಲ್ಲಿರುವ ಸತ್ವವೇ. ಜರ್ಮನ್ ಯುದ್ಧದ ಕಾಲದಲ್ಲಿ ಆ ಗೊಬ್ಬರ ಹಡಗಿನಲ್ಲಿ ಬರುವುದು ನಿಂತು ತೋಟದವರೆಲ್ಲ ಬಾಯಿ ಬಾಯಿ ಬಿಟ್ಟಿದ್ದರು. ಅಂಥದರಲ್ಲಿ ಅದೇ ಬೂದಿಗುಡ್ಡದಲ್ಲಿ ಗುಂಡಿ ತೋಡಿಸುವಾಗ ಇವರಿಗೆ ಒಂದು ಕಲ್ಲು ಸಿಕ್ಕಿತು. ಬೂದು ಮಿಶ್ರಿತ ಹಸಿರು, ಒಡೆದರೆ ಗಾಜಿನ ಹೊಳಪು, ಮೈತುಂಬ ಗುಳ್ಳೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದರೆ ಬರೀ ಪೊಟ್ಯಾಶ್! ಇಟಲಿಯಲ್ಲಿ ಜ್ವಾಲಾಮುಖಿಯ ಕಲ್ಲಿನಲ್ಲಿ ಹೀಗೆ ಪೊಟ್ಯಾಶ್ ತುಂಬಿಕೊಂಡಿರುತ್ತದೆ, ಅದನ್ನು ಗೊಬ್ಬರ ಮಾಡಲು ನೋಡುತ್ತಿದ್ದಾರೆ ಎಂದು ಇವರು ಎಲ್ಲೋ ಓದಿದ್ದರು. ನೇಪಲ್ಸಿನ ಒಬ್ಬ ಪ್ರೊಫೆಸರರಿಗೆ ಇಂಗ್ಲಿಷಿನಲ್ಲಿ ಕಾಗದದ ಮೇಲೆ ಕಾಗದ ಬರೆದರು. ಅವರು "ಕಲ್ಲು ನೋಡದೆ ಏನೂ ಹೇಳಲಾರೆ" ಎಂದು ಉತ್ತರ ಹಾಕಿದರು. ಇವರು ಕಲ್ಲು ಹೊತ್ತುಕೊಂಡು ಹೊರಟೇಬಿಟ್ಟರು. ಮೂಡಿಗೆರೆ ಸಂತೆಗೆ ಹೋದರೂ ಕೊಡೆ ಮರೆತು ಬರುವ ಮನುಷ್ಯನನ್ನು ಒಂಟಿಯಾಗಿ ಸಮುದ್ರಕ್ಕೆ ಕಳಿಸುವುದು ಹೇಗೆ? ನಾನೂ ಹೊರಟೆ.

ಇನ್ನೊಂದು ಮಾತು ಹೇಳಿಬಿಡಬೇಕು. ಬೂದಿಗುಡ್ಡದ ಮೇಲುಗಡೆ ನಮ್ಮ ತೋಟದಲ್ಲಿ ಕಡಿಯದೆ ಉಳಿದಿರುವ ಒಂದೇ ಒಂದು ತುಂಡು ಕಾಡಿದೆ. ನಾವು ಅದನ್ನು ಮೇಲಿನ ಕಾನು ಎನ್ನುತ್ತೇವೆ. ನಮ್ಮ ಮನೆಯ ನೀರು, ಕಾಫಿ ಹಣ್ಣು ಸುಲಿಯುವ ನೀರು, ಎಲ್ಲ ಅಲ್ಲಿಂದ ಬರುವುದು. ಪೊಟ್ಯಾಶ್ ಕಲ್ಲಿನ ಹಾಸು ಕಾನಿನ ಅಡಿಗೇ ಹೋಗಿದೆ ಎಂದು ಇವರು ಲೆಕ್ಕ ಹಾಕಿದ್ದರು. ಕಾನು ಕಡಿದು ಕಲ್ಲು ಅಗೆಯುವುದೆಂದು ಕಂಟ್ರಾಕ್ಟರನ ಜೊತೆ ಮಾತಾಗಿತ್ತು. ಮರಮರಕ್ಕೂ ಕೊಡಲಿಯಿಂದ ತೊಗಟೆ ಕೆತ್ತಿ ಗುರುತು ಹಾಕಿಯೂ ಆಗಿತ್ತು. ಪ್ರೊಫೆಸರರಿಂದ ಹೌದು ಎನ್ನುವ ಕಾಗದ ಒಂದು ಬಂದರೆ ಕಾನು ನೆಲಕ್ಕೆ. ಕಡಿಸಬೇಡಿ ಎನ್ನುವ ಮಾತು ಬಾಯಿಗೆ ಬಂದಿತ್ತು, ನೇಮ ನೆನಪಾಗಿ ನುಂಗಿಕೊಂಡೆ.

ಸುಂಕದ ಕಟ್ಟೆ

ಹಡಗಿಳಿದ ಕೂಡಲೇ ಫಜೀತಿ ಶುರು. ಸುಂಕದ ಅಧಿಕಾರಿ ನಮ್ಮ ಚೀಲ ಬಿಚ್ಚಿದ. ಮೊದಲು ಹಲಸಿನ ಹಪ್ಪಳ ಬಂತು. ಬೆಳಕಿಗೆ ಹಿಡಿದು ನೋಡಿ, ಬಗ್ಗಿಸಿ, ಅದು ಚರ್ಮವೋ ಏನೋ ಎಂದು ಮೂಸಿದ. ಆಮೇಲೆ ನನ್ನ ಹಳೇ ಸೀರೆಯಲ್ಲಿ ಸುತ್ತಿದ ಕಲ್ಲು ಬಂತು. ಕೈಯಲ್ಲಿ ತೂಗಿ ನೋಡಿ ಮೆಲ್ಲಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕಪ್ಪು ಅಂಗಿ ತೊಟ್ಟ ಇನ್ನೊಬ್ಬ ಬಂದು ಇವರನ್ನು ಕೆಲಸವೇನು ಎಂದು ಕೇಳಿದ.

ನೋಡಿ, ಗಾಬರಿಯಾದರೆ ಬಾಯಿಗೆ ಹಳೆಯದೇ ಬರುತ್ತದೆ. ಇವರು "ರೈಟರ್" ಎಂದುಬಿಟ್ಟರು!

ಆ ಕಪ್ಪಂಗಿಯವನ ಮುಖ ಬಿಗಿಯಿತು. ಉಳಿದ ಚೀಲಗಳೂ ಬಿಚ್ಚಿಕೊಂಡವು. ನನ್ನ ಉಪ್ಪಿನಕಾಯಿ ಭರಣಿಯೊಳಗೆ ಬೆತ್ತ ಆಡಿಸಿದ, ಅವನ ಕೈ ಸೇದಿಹೋಗ. ಅಷ್ಟರಲ್ಲಿ ಉದ್ದನೆಯ ಕರಿ ನಿಲುವಂಗಿಯ ಒಬ್ಬ ಪಾದ್ರಿ ಜನರನ್ನು ಸರಿಸಿಕೊಂಡು ಬಂದು, "ಎಂಥ ಅವಸ್ಥೆ ಮಾರಾಯ್ರೆ, ರೈಟರ್ ಅಂತ ಯಾಕೆ ಹೇಳ್ಲಿಕ್ಕೆ ಹೋದ್ರಿ?" ಎಂದರು. ಕನ್ನಡ! ನನಗೆ ಅಳುವೇ ಬಂದುಬಿಟ್ಟಿತು.

ಅವರು ಫಾದರ್ ಪಾಸ್ಕಲ್, ಮಂಗಳೂರಿನವರು, ನೇಪಲ್ಸಿನಲ್ಲಿ ಓದುತ್ತಿದ್ದರು. ಪ್ರೊಫೆಸರರಿಗೆ ಇಂಗ್ಲಿಷ್ ಓದಲು ಬಂದರೂ ಮಾತಾಡಲು ಬಾರದು, ನಮ್ಮ ಮಾತನ್ನು ಇಟಲಿಯ ಭಾಷೆಗೆ ತಿರುಗಿಸಲು ಒಬ್ಬರು ಬೇಕೆಂದು ಫಾದರನ್ನು ಕಳಿಸಿದ್ದರು. "ಇಲ್ಲಿ ರೈಟರ್ ಅಂದ್ರೆ ಪುಸ್ತಕ ಬರೆಯುವವ. ಈಗಿನ ಸರ್ಕಾರಕ್ಕೆ ಪುಸ್ತಕ ಬರೆಯುವವರನ್ನು ಕಂಡ್ರೆ ಆಗುವುದಿಲ್ಲ," ಎಂದು ನಗುತ್ತ, ಅಧಿಕಾರಿಗೆ ಏನೇನೋ ಹೇಳಿ ಬಿಡಿಸಿಕೊಂಡು ಬಂದರು. ಏನು ಹೇಳಿದಿರಿ ಎಂದರೆ, "ಇವ್ರು ಹೆಸರು ಕೂಗಿ ಹಾಜರಿ ಬರೆಯುವವರು, ಬೇರೆ ಒಂದಕ್ಷರ ಬರೆಯುವವರಲ್ಲ ಅಂದೆ." ಇವರ ಮುಖ ಸಣ್ಣಗಾಯಿತು. ಸಮುದ್ರ ದಾಟಿ ಬಂದರೂ ಹಾಜರಿ ಪುಸ್ತಕ ಇವರನ್ನು ಬಿಡಲಿಲ್ಲವಲ್ಲ ಎಂದು ನನಗೂ ಸಂಕಟವಾಯಿತು.

ಫಾದರು ಸಮಾಧಾನಕ್ಕೆಂದು ಕಾಫಿ ಕುಡಿಸಿದರು. ಗೊಂಬೆ ಆಟದ ಲೋಟದಷ್ಟು ಚಿಕ್ಕ ಬಟ್ಟಲು, ಅದರಲ್ಲಿ ಡಿಕಾಕ್ಷನ್ನಿನ ಮೊದಲ ಇಳಿತ, ಹಾಲಿನ ಸುಳಿವಿಲ್ಲ. ಜನ ನಿಂತುಕೊಂಡೇ ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡು, ಬಾಯಿ ಒರೆಸಿಕೊಂಡು ಹೊರಟುಹೋಗುತ್ತಾರೆ. ಒಂದು ಲೋಟ ಕಾಫಿಯ ಮುಂದೆ ಅರ್ಧ ಊರಿನ ಸುದ್ದಿ ಮುಗಿಸುವ ನಮಗೆ ಇದೆಂಥ ಕಾಫಿ? ಬೀಜ ಯಾವೂರಿಂದ ಬಂದದ್ದು ಎಂದರೆ ಬ್ರೆಜಿಲ್ಲಂತೆ. ನಾನು ಬಟ್ಟಲು ಕೆಳಗಿಟ್ಟೆ.

ಪ್ರೊಫೆಸರರ ಕೋಣೆ

ಪ್ರೊಫೆಸರರಿಗೆ ವಯಸ್ಸಾಗಿತ್ತು. ಬಿಳಿ ಮೀಸೆ, ಅಂಗಿಯ ತೋಳಿನ ತುಂಬ ಕಲ್ಲಿನ ಪುಡಿ, ಮಾತಾಡಿದರೆ ಎರಡು ಕೈಯೂ ಮಾತಾಡುತ್ತವೆ. ನಮ್ಮ ಕಲ್ಲನ್ನು ಕಂಡವರೇ ನಮಗೆ ಕೂರಲು ಹೇಳುವುದನ್ನೂ ಮರೆತರು. ಗರಗಸದಿಂದ ಅದರ ಒಂದು ಚಕ್ಕೆ ಸೀಳಿ, ಗಾಜಿಗೆ ಅಂಟಿಸಿ, ಉಜ್ಜುತ್ತಾ ಉಜ್ಜುತ್ತಾ ಹೋದರು. ಕೊನೆಗೆ ಅದನ್ನು ಒಂದು ಕಾಗದದ ಮೇಲಿಟ್ಟು ನೋಡಿ ಎಂದರು. ಕಲ್ಲಿನೊಳಗಿಂದ ಅಕ್ಷರ ಕಾಣುತ್ತಿತ್ತು! ಕಲ್ಲು ಎಂದರೆ ಆಚೆಗೆ ಏನೂ ಕಾಣದ್ದು ಎಂದುಕೊಂಡಿದ್ದ ನನಗೆ ಮೈ ಜುಮ್ಮೆಂದಿತು.

ಮೊದಲು ವೆಸೂವಿಯಸ್ಸಿನ ಕಲ್ಲಿನ ಚಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದುಂಡಗಿನ ಬಿಳಿ ಹರಳುಗಳು, ನೀರಲ್ಲಿ ನೆನೆದ ಸಬ್ಬಕ್ಕಿಯ ಹಾಗೆ. ಅದೇ ಲ್ಯೂಸೈಟ್, ಪೊಟ್ಯಾಶ್ ಅಡಗಿರುವ ಹರಳು. ಒಂದು ವಿಶೇಷ ಗಾಜನ್ನು ಅಡ್ಡ ಸರಿಸಿದರು. ಬಿಳಿ ಹೋಗಿ ಕತ್ತಲಾಯಿತು, ಕತ್ತಲಲ್ಲಿ ಬೂದು ಬಣ್ಣದ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಮೂಡಿದವು. ನಮ್ಮ ಆಳುಗಳು ತಲೆಗೆ ಸುತ್ತುವ ಚೌಕುಳಿ ಟವೆಲಿನಂತೆಯೇ ಇತ್ತು. ಈ ಚೌಕುಳಿ ಕಂಡರೆ ಲ್ಯೂಸೈಟ್ ಎಂದೇ ತಿಳಿಯಬೇಕಂತೆ.

ಆಮೇಲೆ ನಮ್ಮ ಕಲ್ಲನ್ನು ಇಟ್ಟರು. ಪ್ರೊಫೆಸರರು ಕಣ್ಣಿಟ್ಟರು. ಉಸಿರಾಡಲಿಲ್ಲ. ಇವರೂ ಉಸಿರಾಡಲಿಲ್ಲ. ಆಮೇಲೆ ಆ ಮುದುಕರು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ಇವರನ್ನು ಅಪ್ಪಿಕೊಂಡು ಎರಡು ಕೆನ್ನೆಗೂ ಮುತ್ತು ಕೊಟ್ಟುಬಿಟ್ಟರು! "ಉಂಟಂತೆ, ಲ್ಯೂಸೈಟ್ ಉಂಟಂತೆ!" ಎಂದು ಫಾದರು ಕೂಗಿದರು. ಇವರು ಎಲ್ಲರೆದುರಿಗೆ ನನ್ನ ಕೈ ಹಿಡಿದುಕೊಂಡರು. ಯಾವುದಕ್ಕೆ ನಾಚಬೇಕೋ ತಿಳಿಯದೆ ನಾನು ನೆಲ ನೋಡಿದೆ. ಸಂತೋಷವಾಗಬೇಕಿತ್ತು. ನನಗೆ ಮೇಲಿನ ಕಾನಿನಲ್ಲಿ ಕೊಡಲಿ ಬಿದ್ದ ಸದ್ದು ಕೇಳಿಸಿತು.

ಪ್ರೊಫೆಸರರು ಕಲ್ಲಿನ ಗುಟ್ಟನ್ನು ಬಿಡಿಸಿ ಹೇಳಿದರು. ಕರಗಿದ ಕಲ್ಲು ತಣ್ಣಗಾಗುವಾಗ ಪೊಟ್ಯಾಶ್ ಮರಳಿನ ಸತ್ವವನ್ನು ಹುಡುಕುತ್ತದೆ. ಬೇಕಾದಷ್ಟು ಸಿಕ್ಕಿದರೆ ಸಾಧಾರಣ ಹರಳಾಗುತ್ತದೆ, ನಮ್ಮ ಮನೆ ಮೆಟ್ಟಿಲ ಕಲ್ಲಿನಲ್ಲಿ ನಸುಗೆಂಪಾಗಿ ಕಾಣುತ್ತದಲ್ಲ, ಅದು. ಮರಳಿನ ಸತ್ವ ಸಾಲದೆ ಬಂದರೆ ಲ್ಯೂಸೈಟ್ ಆಗುತ್ತದೆ. "ಅಂದ್ರೆ ಹಿಟ್ಟು ಕಮ್ಮಿಯಾಗಿ ಬೆಲ್ಲ ಜಾಸ್ತಿಯಾದ ಕಜ್ಜಾಯ," ಎಂದೆ. ಫಾದರು ಅದನ್ನೂ ತಿರುಗಿಸಿ ಹೇಳಿದರು. ಪ್ರೊಫೆಸರರು ಕಜ್ಜಾಯ ಎಂದರೇನೆಂದು ಬರೆದುಕೊಂಡರು.

"ಆದ್ರೆ ಈ ಗುಡ್ಡದಲ್ಲಿ ಮಾತ್ರ ಯಾಕೆ ಹಿಟ್ಟು ಕಮ್ಮಿ?" ಎಂದು ನಾನು ಕೇಳಿದೆ. ಕರಗಿದ ಕಲ್ಲು ಮೇಲೇಳುವಾಗ ದಾರಿಯಲ್ಲಿ ಸುಣ್ಣದ ಕಲ್ಲನ್ನು ತಿಂದುಬಿಡುತ್ತದೆ, ಸುಣ್ಣ ಮರಳಿನ ಸತ್ವವನ್ನು ಕಿತ್ತುಕೊಳ್ಳುತ್ತದೆ ಎಂದು ಕೆಲವು ಪಂಡಿತರು ಹೇಳುತ್ತಾರಂತೆ. ಕರಗಿದ ಕಲ್ಲಿಗೂ ಎಲೆಯಡಿಕೆಯ ಚಟ ಎಂದುಕೊಂಡೆ. "ಅದು ಸರಿ, ಅಷ್ಟೊಂದು ಪೊಟ್ಯಾಶ್ ಮೊದಲು ಎಲ್ಲಿಂದ ಬಂತು?" ಎಂದು ಇವರು ಕೇಳಿದರು. ಪ್ರೊಫೆಸರರು ಎರಡೂ ಕೈ ಚೆಲ್ಲಿದರು. "ಗೊತ್ತಿಲ್ಲಂತೆ. ಜೀವಮಾನ ಇಡೀ ಅದನ್ನೇ ಕೇಳಿಕೊಳ್ತಾ ಇದ್ದಾರಂತೆ," ಎಂದರು ಫಾದರು. ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ದೊಡ್ಡ ಮನುಷ್ಯರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಹೊರಡುವಾಗ ಪ್ರೊಫೆಸರರು ನಮ್ಮ ಕಲ್ಲನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಹುಬ್ಬು ಗಂಟು ಹಾಕಿದರು. ನಿಮ್ಮ ನಾಡಿನ ಬಂಡೆಗಳು ಬಹಳ ಹಳೆಯವು, ಈ ಗಾಜು ಮಾತ್ರ ನಿನ್ನೆ ಮೊನ್ನೆ ಆದ ಹಾಗಿದೆ ಎಂದರು. ಅದೊಂದನ್ನು ಯೋಚಿಸಬೇಕು, ನಾಳೆ ಬೆಟ್ಟಕ್ಕೆ ಬನ್ನಿ, ಮಾತಾಡಿಕೊಂಡು ಕಾಗದ ಬರೆದುಕೊಡುತ್ತೇನೆ ಎಂದರು.

ಬೆಟ್ಟದ ಬುಡ

ವೆಸೂವಿಯಸ್ಸಿನ ಬುಡದ ಹಳ್ಳಿಗೆ ಹೋದಾಗ ನಾನು ಕಂಡದ್ದನ್ನು ಇಲ್ಲಿ ಹೇಳಿದರೆ ಜನ ತಲೆ ಸರಿಯಿಲ್ಲ ಎನ್ನುತ್ತಾರೆ. ಒಂದು ಮನೆಯ ಕಿಟಕಿಯೊಳಗಿಂದ ಕಪ್ಪು ಬಂಡೆ ಹೊರಗೆ ನಾಲಿಗೆ ಚಾಚಿತ್ತು. ಹರಿದು ಬಂದ ಬೆಂಕಿಯ ಕಲ್ಲು ಹಿಂಬಾಗಿಲಿಂದ ಹೊಕ್ಕು ಕಿಟಕಿಯಿಂದ ಇಣುಕಿ ಅಲ್ಲೇ ತಣ್ಣಗಾಗಿದೆ. ಅದಕ್ಕೆ ಆತುಕೊಂಡು ಹೊಸ ಮನೆ ಕಟ್ಟಿದ್ದಾರೆ! ಮನೆಯ ಅಜ್ಜಿ ಆ ಬಂಡೆಯ ಮೇಲೆ ಟೊಮ್ಯಾಟೊ ಹೋಳು ಒಣಹಾಕುತ್ತಿದ್ದಳು. ನಾನು ಅಂಗಳದಲ್ಲಿ ಕಾಳುಮೆಣಸು ಹರವುವ ಹಾಗೆಯೇ ಕೈ ಆಡಿಸುತ್ತಿದ್ದಳು.

"ನಿಮಗೆ ಹೆದರಿಕೆ ಆಗಲ್ವಾ?" ಎಂದು ಫಾದರ ಮೂಲಕ ಕೇಳಿಸಿದೆ. ಅಜ್ಜಿ ಬಂಡೆಯನ್ನು ಕೈಯಿಂದ ತಟ್ಟಿದಳು. "ಇದರ ಅಡಿಯಲ್ಲಿ ಅವಳ ತಾಯಿಯ ಅಡಿಗೆಮನೆ ಉಂಟಂತೆ. ಆಗುತ್ತದೆ ಅಂತೆ, ಆದ್ರೆ ದ್ರಾಕ್ಷಿ ಚೆನ್ನಾಗಿ ಬರ್ತದಂತೆ," ಎಂದರು ಫಾದರು. ಮುತ್ತಜ್ಜನ ಕಾಲದ ಕಲ್ಲಿನ ಮೇಲೆ ಈಗ ದ್ರಾಕ್ಷಿ, ಅಮ್ಮನ ಕಾಲದ ಕಲ್ಲಿನ ಮೇಲೆ ಇನ್ನೂ ಪಾಚಿ. ಪ್ರೊಫೆಸರರು ಒಂದು ತುಂಡು ಒಡೆದು ನನ್ನ ಅಂಗೈಗೆ ಲ್ಯೂಸೈಟ್ ಹರಳು ಉದುರಿಸಿದರು. ಮಳೆಗೆ ಇದು ಕೊಳೆಯುತ್ತಾ ಕೊಳೆಯುತ್ತಾ ಪೊಟ್ಯಾಶನ್ನು ಬಿಡಿಬಿಡಿಯಾಗಿ ಬಳ್ಳಿಯ ಬೇರಿಗೆ ಕೊಡುತ್ತದೆ, ಒಂದೇ ಸಲ ಕೊಡುವುದಿಲ್ಲ ಎಂದರು.

ಇವರಿಗೆ ಇನ್ನು ತಡೆಯಲಾಗಲಿಲ್ಲ. "ಫಾದರ್, ಅವ್ರಿಗೆ ಹೇಳಿ. ನಮ್ಮ ಕಲ್ಲೂ ಹೊಸದೇ ಇರಬೌದು. ನಮ್ಮ ಪೂರ್ವಿಕರು ಜ್ವಾಲಾಮುಖಿ ಕಣ್ಣಾರೆ ಕಂಡಿದಾರೆ. ಇಲ್ಲದಿದ್ರೆ ಆ ಜಾಗಕ್ಕೆ ಬೂದಿಗುಡ್ಡ ಅಂತ ಯಾಕೆ ಹೆಸರಿಡ್ತಿದ್ರು? ಸರ್ವೆ ಕಾಗದದಲ್ಲೂ ಅದೇ ಹೆಸರಿದೆ. ಕಾಗದದಲ್ಲಿ ಇದನ್ನೇ ಬರೆದಿದ್ದೆ ನಾನು."

ನಾನು ನಕ್ಕುಬಿಟ್ಟೆ. ಸುಮ್ಮನೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಯ್ಯೋ ನಿಮ್ಮ! ಯಾವ ಪೂರ್ವಿಕರೂ ಇಲ್ಲ ಕಣ್ರೀ. ಆ ಹೆಸರಿಟ್ಟಿದ್ದು ನಮ್ಮ ಬೈರ ಮೇಸ್ತ್ರಿ. ನಂಗಾಗ ಏಳು ವರ್ಷ. ಅದಕ್ಕೂ ಮುಂಚೆ ಅದು ಹೆಬ್ಬಲಸಿನ ಗುಡ್ಡ, ಭಾರೀ ಹೆಬ್ಬಲಸಿನ ಮರ ಒಂದಿತ್ತು ಅಲ್ಲಿ. ಅಪ್ಪಯ್ಯ ಕಾಡು ಕಡಿಸಿ ಬೆಂಕಿ ಹಾಕಿದ್ರಲ್ಲ, ಮೊಣಕಾಲುದ್ದ ಬೂದಿ ಬಿತ್ತು, ಅದಕ್ಕೆ ಬೂದಿಗುಡ್ಡ."

ಯಾರೂ ನಗಲಿಲ್ಲ. ನಾನು ಏನು ಮಾಡಿದೆ ಎನ್ನುವುದು ಆಗ ಹೊಳೆಯಿತು. ಇವರು ಬಂದದ್ದು ಅದೆಲ್ಲ ಮುಗಿದು ಎಷ್ಟೋ ವರ್ಷದ ಮೇಲೆ. ಇವರಿಗೆ ಗೊತ್ತಿರಲಿಲ್ಲ. ಇಂಗ್ಲಿಷಿನ ಕಾಗದದಲ್ಲಿ ಇವರು ಏನು ಬರೆದಿದ್ದರೆಂದು ನನಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳಿಕೊಂಡು, ಒಬ್ಬರಿಗೊಬ್ಬರು ಕೇಳಿಯೇ ಇರಲಿಲ್ಲ.

ಪ್ರೊಫೆಸರರು ಏನು, ಏನು ಎಂದು ಫಾದರ ತೋಳು ಎಳೆಯುತ್ತಿದ್ದರು. ಫಾದರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಅಮ್ಮ, ಇದನ್ನು ನಾನು ಹೇಳ್ಬೇಕಾ, ಬೇಡ್ವಾ? ನೀವು ಬೇಡ ಅಂದ್ರೆ ನಾನು ಕೇಳ್ಲೇ ಇಲ್ಲ."

ಇವರು ನನ್ನನ್ನು ನೋಡುತ್ತಿರಲಿಲ್ಲ, ಅಜ್ಜಿಯ ಟೊಮ್ಯಾಟೊ ನೋಡುತ್ತಿದ್ದರು. ಸುಂಕದ ಕಟ್ಟೆಯಲ್ಲಿ ಆದ ಹಾಗೆ ಇವರ ಮುಖ ಸಣ್ಣಗಾಗಿತ್ತು. ಬೇಡ ಎಂದಿದ್ದರೆ ಕಾಗದ ಕೈಗೆ ಬರುತ್ತಿತ್ತು, ಇವರು ಇನ್ನು ಮೇಲೆ ಯಾರಿಗೂ ರೈಟರಲ್ಲ. ಕಾನು ಹೋಗುತ್ತಿತ್ತು, ನೀರು ಹೋಗುತ್ತಿತ್ತು. ಹೇಳಿ ಎಂದರೆ ನಾನು ತೋಟದ ಮಗಳಾಗಿ, ಎಲ್ಲರ ಎದುರಿಗೆ ಇವರ ಬಾಯಿ ಮುಚ್ಚಿಸಿದ ಹಾಗೆ.

"ಹೇಳಿ ಫಾದರ್," ಎಂದೆ.

ಮತ್ತೆ ಪ್ರೊಫೆಸರರ ಕೋಣೆ

ಪ್ರೊಫೆಸರರು ಬೆಟ್ಟ ಹತ್ತುವುದನ್ನು ಬಿಟ್ಟು ನಮ್ಮನ್ನು ಎಳೆದುಕೊಂಡು ವಾಪಸು ಬಂದರು. ಕಲ್ಲಿನ ಇನ್ನೊಂದು ಮಗ್ಗುಲು ಸೀಳಿದರು, ಉಜ್ಜಿದರು, ನೋಡಿದರು. "ಲೆನ್ಯೊ!" ಎಂದು ಕೂಗಿದರು. ಫಾದರ ದನಿ ಇಳಿದಿತ್ತು. "ಮರ, ಅಂತಾರೆ."

ನಾನೂ ಕಣ್ಣಿಟ್ಟು ನೋಡಿದೆ. ಹಸಿರು ಗಾಜಿನ ನಡುವೆ ಒಂದು ಕಪ್ಪು ಚೂರು. ಆ ಕಪ್ಪಿನಲ್ಲಿ ಸಾಲುಸಾಲಾಗಿ ಸಣ್ಣ ತೂತುಗಳು. ಇದ್ದಿಲು. ಬದುಕಿದ್ದಾಗ ಮರ ನೀರು ಎಳೆದುಕೊಂಡ ದಾರಿಗಳು ಅವು. ಬೆಂಕಿ ಮುಗಿದರೂ ಹಾಗೇ ಉಳಿದಿವೆ.

ಪ್ರೊಫೆಸರರು ನನ್ನನ್ನು ಒಂದೊಂದಾಗಿ ಕೇಳಿದರು. ಕಲ್ಲು ಸಿಕ್ಕಿದ್ದು ಆ ಹೆಬ್ಬಲಸಿನ ಮರ ಇದ್ದ ಜಾಗದಲ್ಲೇ? ಹೌದು, ಅಲ್ಲೇ. ಆ ಮರ ಪೊಳ್ಳಾಗಿತ್ತೇ? ಹೌದು, ಬುಡದಲ್ಲಿ ಮೂರು ಜನ ನಿಲ್ಲುವಷ್ಟು ಪೊಟರೆ. ಪೊಟರೆಯಲ್ಲಿ ಮಣ್ಣಿತ್ತೇ? ದೊಡ್ಡ ಹುತ್ತವೇ ಇತ್ತು. ಎಷ್ಟು ದಿನ ಉರಿಯಿತು? ಹನ್ನೊಂದು ದಿನ. ಪೊಟರೆ ಭೋರ್ ಎಂದು ಶಬ್ದ ಮಾಡುತ್ತಿತ್ತು. ಸರಿ ಎಂದು ತಲೆಯಾಡಿಸಿ ಬಿಡಿಸಿ ಹೇಳಿದರು. ಪೊಳ್ಳು ಮರ ಕುಲುಮೆಯ ಹಾಗೆ ಗಾಳಿ ಎಳೆದಿದೆ. ಮರದ ಬೂದಿ ತುಂಬ ಪೊಟ್ಯಾಶ್, ಹುತ್ತದ ಜೇಡಿಮಣ್ಣಿನಲ್ಲಿ ಅಲ್ಯೂಮಿನಿಯಂ ಮತ್ತು ಒಂದಿಷ್ಟು ಮರಳಿನ ಸತ್ವ. ಎರಡೂ ಕರಗಿ ಸೇರಿವೆ. ಬೂದಿ ಹೆಚ್ಚು, ಮರಳು ಕಡಿಮೆ. ಲ್ಯೂಸೈಟ್ ಆಗಿದೆ. ಭೂಮಿಯ ಹೊಟ್ಟೆಯಲ್ಲಿ ಆಗುವ ಪಾಕವೇ ಅಲ್ಲಿ ಆಗಿದೆ.

"ಹಾಗಾದ್ರೆ ಗುಡ್ಡದ ಅಡಿಗೆ ಕಲ್ಲಿನ ಹಾಸು?" ಎಂದರು ಇವರು. ಇಲ್ಲ ಎಂದು ಹೇಳಲು ಫಾದರು ಬೇಕಾಗಲಿಲ್ಲ. ಮುದುಕರು ಇವರ ಭುಜ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ಫಾದರು ಒಂದೊಂದೇ ಮಾತು ಹೇಳಿದರು. "ಎಷ್ಟೋ ನೂರು ವರ್ಷ ಆ ಮರಗಳು ನಿಮ್ಮ ಗುಡ್ಡದ ಪೊಟ್ಯಾಶನ್ನು ಚೂರು ಚೂರೇ ಮೇಲೆ ಎಳೆದು ಮೈಯಲ್ಲಿ ಇಟ್ಟುಕೊಂಡಿದ್ದವಂತೆ. ನಿಮ್ಮ ಪೊಟ್ಯಾಶ್ ಕಲ್ಲಿನಲ್ಲಿ ಅಲ್ಲ, ಕಾಡಿನಲ್ಲಿ ಇದ್ದದ್ದು. ಬೂದಿಯಾದದ್ದು ಮಳೆಗೆ ಹೋಯ್ತು. ಕಲ್ಲಾದಷ್ಟು ಮಾತ್ರ ಉಳಿಯಿತು ಅಂತಾರೆ."

ಆ ಮಳೆಯನ್ನು ನಾನು ಕಂಡಿದ್ದೆ. ಬೆಂಕಿ ಹಾಕಿದ ವರ್ಷ ಮುಂಗಾರು ಹಿಡಿದಾಗ ಬೂದಿಗುಡ್ಡದ ಹಳ್ಳ ಬೂದು ಬಣ್ಣಕ್ಕೆ ತಿರುಗಿ ಹರಿಯಿತು. ನೀರಿಗೆ ಕೈಯಿಟ್ಟರೆ ಸಾಬೂನು ಮುಟ್ಟಿದ ಹಾಗೆ ನುಣ್ಣಗೆ ಜಾರುತ್ತಿತ್ತು. ನಾನು ದಿನಾ ಓಡಿಹೋಗಿ ಅದರಲ್ಲಿ ಗೊಂಬೆಯ ಬಟ್ಟೆ ಒಗೆಯುತ್ತಿದ್ದೆ. ಎಷ್ಟು ಚೆನ್ನಾಗಿ ಬೆಳ್ಳಗಾಗುತ್ತದೆ ಎಂದು ಅವ್ವನಿಗೆ ತೋರಿಸಿದ್ದೆ. ಈಗ ಸಮುದ್ರ ದಾಟಿ ಹುಡುಕಿಕೊಂಡು ಬಂದದ್ದು ಆಗ ನನ್ನ ಬೆರಳ ಸಂದಿಯಲ್ಲೇ ಹರಿದುಹೋಗುತ್ತಿತ್ತು. ಅದಕ್ಕೂ ಮುಂಚೆ, ಹೆಬ್ಬಲಸು ಉರಿದು ಉರುಳಿಬಿದ್ದ ದಿನ, ಅಪ್ಪಯ್ಯನ ಹೆಗಲ ಮೇಲೆ ಕೂತು ನಾನು ಚಪ್ಪಾಳೆ ತಟ್ಟಿದ್ದೆ.

ಮೊದಲ ನಾಲ್ಕಾರು ವರ್ಷ ಬೂದಿಗುಡ್ಡದ ಕಾಫಿಯನ್ನು ನೋಡಲು ಜನ ಬರುತ್ತಿದ್ದರು, ಅಷ್ಟು ಫಸಲು. ಅಪ್ಪಯ್ಯ ಅದು ತನ್ನ ಕೈಗುಣ ಎಂದು ಮೀಸೆ ತಿರುವುತ್ತಿದ್ದರು. ಅದು ಮರಗಳ ಬೂದಿಯ ಫಸಲು ಎಂದು ನಮಗೆ ಯಾರು ಹೇಳಬೇಕಿತ್ತು?

ಪ್ರೊಫೆಸರರು ಕೊಟ್ಟ ಮಾತಿನಂತೆ ಕಾಗದವನ್ನೂ ಬರೆದುಕೊಟ್ಟರು. ನನ್ನನ್ನು ಎರಡು ಸಲ ಕೇಳಿ ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡರು. ಈ ಕಲ್ಲಿನಲ್ಲಿ ಲ್ಯೂಸೈಟ್ ಇರುವುದು ನಿಜ. ಜ್ವಾಲಾಮುಖಿಯ ಹೆಸರು: ಹೆಬ್ಬಲಸು.

ವಾಪಸು ಹಡಗು

ಹಡಗಿನಲ್ಲಿ ಇವರು ಮಾತಾಡಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಏಳುತ್ತಿದ್ದರು. ನಾನು ಹಪ್ಪಳ ಸುಟ್ಟುಕೊಡಲು ಹಡಗಿನ ಅಡಿಗೆಯವನ ಕೈಕಾಲು ಹಿಡಿದು ಒಪ್ಪಿಸಿದೆ. ಅದನ್ನೂ ಮುರಿದು ಕೈಯಲ್ಲೇ ಇಟ್ಟುಕೊಂಡರು. ಕೆಂಪು ಸಮುದ್ರದ ಸೆಕೆಯಲ್ಲಿ ಒಂದು ಮಧ್ಯಾಹ್ನ ನಾನೇ ತಡೆಯಲಾರದೆ ಕೇಳಿದೆ.

"ನಾನು ಬಾಯಿ ಮುಚ್ಕೊಂಡಿರಬೇಕಿತ್ತಾ?"

"ಹದಿನೈದು ವರ್ಷದಿಂದ ಮುಚ್ಕೊಂಡೇ ಇದ್ಯಲ್ಲ ಮಾರಾಯ್ತಿ, ಮೊದ್ಲೇ ಬಿಡೋದಲ್ವಾ?" ಎಂದರು ಇವರು. ಸಿಟ್ಟೋ ಬೇಸರವೋ ನನಗೆ ತಿಳಿಯಲಿಲ್ಲ.

ಮೇಲಿನ ಕಾನು

ನಾವು ಮನೆ ಮುಟ್ಟುವಾಗ ಮಳೆಗಾಲ ಮುಗಿದಿತ್ತು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಇವರು ಹಾಸಿಗೆಯಲ್ಲಿ ಇಲ್ಲ. ಹಾಜರಿ ಪುಸ್ತಕವೂ ಗೂಟದಲ್ಲಿ ಇಲ್ಲ. ಎಂಟು ಗಂಟೆಯ ಹೊತ್ತಿಗೆ ಕಂಟ್ರಾಕ್ಟರ್ ನಾಲ್ಕು ಜನ ಕೊಡಲಿಯವರ ಜೊತೆ ಬಂದು ಜಗಲಿಯಲ್ಲಿ ಕೂತ. ಕಾಫಿ ಕೊಟ್ಟೆ. ಇವರು ಏನು ಮಾಡುತ್ತಾರೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಕಲ್ಲಿಲ್ಲದಿದ್ದರೇನು, ಕಾನು ಕಡಿದು ಬೆಂಕಿ ಹಾಕಿದರೆ ನಾಲ್ಕು ವರ್ಷ ಒಳ್ಳೇ ಫಸಲು ಬರುತ್ತದೆ. ಅದು ಈಗ ಇವರಿಗೆ ಅಪ್ಪಯ್ಯನಿಗಿಂತ ಚೆನ್ನಾಗಿ ಗೊತ್ತಿತ್ತು.

ಮೇಲಿನ ದಾರಿಯಿಂದ ಇವರು ಇಳಿದು ಬಂದರು. ಮೊಣಕೈವರೆಗೆ ಸಗಣಿ ಮತ್ತು ಕೆಮ್ಮಣ್ಣು, ಒಂದು ಕೈಯಲ್ಲಿ ಖಾಲಿ ಬುಟ್ಟಿ, ಕಂಕುಳಲ್ಲಿ ಹಾಜರಿ ಪುಸ್ತಕ, ಬಾಯಲ್ಲಿ ಕಚ್ಚಿಕೊಂಡ ಪೆನ್ಸಿಲು. ಕಾಫಿ ಗಿಡದ ಕೊಂಬೆ ಕಡಿದ ಗಾಯಕ್ಕೆ ನಾವು ಸಗಣಿ, ಕೆಮ್ಮಣ್ಣು ಕಲಸಿ ಮೆತ್ತುತ್ತೇವೆ, ಗಾಯ ಒಣಗಿ ತೊಗಟೆ ಕೂಡಿಕೊಳ್ಳಲಿ ಎಂದು. ಇವರು ಅದನ್ನೇ ಕಾನಿನ ಮರಗಳ ಕೊಡಲಿ ಗುರುತಿಗೆ ಮೆತ್ತಿ ಬಂದಿದ್ದರು.

ಕಂಟ್ರಾಕ್ಟರ್ ಎದ್ದು ನಿಂತ. "ಏನ್ ರೈಟ್ರೇ, ಸಮುದ್ರ ದಾಟಿ ಬಂದ್ರಂತೆ. ಕೊಡಲಿ ಹಾಕಾಣ?"

ಅವನು ಆ ಹೆಸರು ಹೇಳಿದ ಕೂಡಲೇ ನಾನು ಇವರ ಮುಖ ನೋಡಿದೆ. ಮುಖ ಸಣ್ಣಗಾಗಲಿಲ್ಲ. ಇವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಕಂಕುಳಿಂದ ಹಾಜರಿ ಪುಸ್ತಕ ತೆಗೆದು ಬಿಚ್ಚಿದರು. ಆಳುಗಳ ಹೆಸರಿರಬೇಕಾದ ಕಡೆ ಹೆಬ್ಬಲಸು, ಧೂಪ, ನಂದಿ, ಬಲಗಿ ಎಂದು ಕಾನಿನ ಮರಗಳ ಹೆಸರಿಂದ ಪುಟ ತುಂಬಿತ್ತು. ಪ್ರತಿಯೊಂದರ ಮುಂದೆ ಒಂದು ಗೀಟು.

"ರೈಟ್ರು ಹಾಜರಿ ಕರೆದು ಬಂದಾಯ್ತು," ಎಂದರು. "ಅರವತ್ತೆರಡು. ಎಲ್ಲಾ ಹಾಜರ್. ಒಬ್ಬರನ್ನೂ ಬಿಡಕ್ಕಾಗಲ್ಲ."

ಆಮೇಲೆ ಒಳಗೆ ಬಂದು, ಕೈ ತೊಳೆದುಕೊಂಡು, ಅಕ್ಕಿ ರೊಟ್ಟಿ ಹಾಕು ಎಂದರು. ಎಂಟು ರೊಟ್ಟಿ ತಿಂದರು.